ತೋಟಾದ ಕತ್ತಿನ ದಪ್ಪ

ಅರವತ್ತು ದಾಟಿದ ಹೆಂಗಸು ಬಂದೂಕು ಹಿಡಿದರೆ ಜನಕ್ಕೆ ಮೊದಲು ನಗು ಬರುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ. ಎರಡೂ ನನಗೆ ಅಡ್ಡಿಯಿಲ್ಲ. ನ್ಯೂಜಿಲೆಂಡಿನ ಹೆಂಡರ್ಸನ್ ಅನ್ನುವ ಊರಿನ ನಮ್ಮ ಮನೆಗೆ ಯುಗಾದಿ ಊಟಕ್ಕೆ ಬಂದಿದ್ದ ಬೆಂಗಳೂರಿನ ಒಬ್ಬ ಹುಡುಗಿ ಗ್ಯಾರೇಜಿನ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ್ದ ಹಿತ್ತಾಳೆ ತೋಟಾಗಳನ್ನು ನೋಡಿ, "ಆಂಟಿ, ಎಷ್ಟ್ ಚೆನ್ನಾಗಿ ಬೆಳಗಿದ್ದೀರ, ಇದೇನು ದೇವರ ಸಾಮಾನಾ?" ಎಂದಳು.

"ಅಲ್ಲ ಕಣಮ್ಮ, ಬಂದೂಕಿಂದು. ನಂದೇ," ಎಂದೆ.

ಅವಳ ಕೈಯಲ್ಲಿದ್ದ ಒಬ್ಬಟ್ಟು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ತಿನ್ನು ಅಂದೆ, ತಿಂದಳು. ಆಮೇಲೆ ನನ್ನ ಕಡೆ ಬರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮದ್ದೂರಿನ ಹತ್ತಿರದ ಊರು. ಹಸು ಕಟ್ಟಿಕೊಂಡು ಸೊಸೈಟಿಗೆ ಹಾಲು ಹಾಕಿ ಮಗಳನ್ನು ಓದಿಸಿದೆ. ನಮ್ಮ ಯಜಮಾನರು ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಮಗಳಿಗೆ ಹೆಣ್ಣುಮಗು ಆದಾಗ ಅದನ್ನು ನೋಡಿಕೊಳ್ಳುವುದಕ್ಕೆ ಇಬ್ಬರೂ ನ್ಯೂಜಿಲೆಂಡಿಗೆ ಬಂದೆವು, ಆಮೇಲೆ ಇಲ್ಲೇ ನಿಂತೆವು. ಆ ಮಗು ಬೆಳೆದು, ಹೋದ ವರ್ಷ ಓದುವುದಕ್ಕೆ ಡನೀಡಿನ್‌ಗೆ ಹೋಯಿತು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂತ ಎಲ್ಲರೂ ತಿಳಿದರು. ಭಜನೆಗೆ ಬನ್ನಿ ಅಂದರು, ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯಿರಿ ಅಂದರು. ಯಜಮಾನರಿಗೆ ತೊಂದರೆಯಿಲ್ಲ. ಬೆಳಿಗ್ಗೆ ಮೂಲೆಯ ಡೈರಿಗೆ, ಇಲ್ಲಿ ಕಿರಾಣಿ ಅಂಗಡಿಗೆ ಹಾಗನ್ನುತ್ತಾರೆ, ಹೋಗಿ ಹಾಲು ತಗೊಂಡು, ಅಂಗಡಿಯ ಗುಜರಾತಿಯವರ ಜೊತೆ ಭಾಷೆ ಬರದೆಯೂ ಒಂದು ಗಂಟೆ ಮಾತಾಡಿ ಬರುತ್ತಾರೆ. ನನಗೆ ಅಂಥ ಗುಣ ಇಲ್ಲ.

ಅಳಿಯನಿಗೆ ಆಫೀಸಿನವರ ಜೊತೆ ಜಿಂಕೆ ಬೇಟೆಗೆ ಹೋಗುವ ಅಭ್ಯಾಸ. ಒಂದು ಶನಿವಾರ ಬಂದೂಕಿನ ಗುರಿ ಸರಿಮಾಡಿಕೊಳ್ಳುವುದಕ್ಕೆ ಅವನು ರೇಂಜಿಗೆ, ಅಂದರೆ ಗುಂಡು ಹೊಡೆಯುವ ಮೈದಾನಕ್ಕೆ, ಹೊರಟ. ಮನೆಯಲ್ಲಿ ಕೂತು ಸಾಕಾಗಿತ್ತು, ನಾನೂ ಅವನ ಯೂಟ್, ಅದೇ ಹಿಂದೆ ಸಾಮಾನು ತುಂಬುವ ಕಾರು, ಹತ್ತಿ ಹೋದೆ. ಅಲ್ಲಿ ಗುಂಡು ಹೊಡೆಯುವವರ ಸಾಲಿನ ಉಸ್ತುವಾರಿ ಒಬ್ಬ ಬಿಳಿ ಮುದುಕಿಯದು. ನನಗಿಂತ ಹತ್ತು ವರ್ಷ ದೊಡ್ಡವಳು. ಕುರಿ ಸಾಕುತ್ತಿದ್ದವಳಂತೆ. ಗಂಡಸರೆಲ್ಲ ಅವಳು ಹೇಳಿದಾಗ ಹೊಡೆಯಬೇಕು, ಅವಳು ಕೈ ಎತ್ತಿದರೆ ನಿಲ್ಲಿಸಬೇಕು. ಬೆಂಚಿನ ಮೇಲೆ ಸುಮ್ಮನೆ ಕೂತಿದ್ದ ನನ್ನನ್ನು ನೋಡಿ, "ನೀನು ನೋಡೋಕೆ ಬಂದಿದ್ದೀಯೋ, ಹೊಡೆಯೋಕೋ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಅಳಿಯ ನನ್ನ ಪರವಾಗಿ "ನೋಡೋಕೆ" ಅನ್ನುವುದರೊಳಗೆ ನಾನು "ಹೊಡೆಯೋಕೆ" ಅಂದಿದ್ದೆ.

ಗುಂಡು ಗುರಿಯ ಕಾಗದಕ್ಕೆ ಬಿತ್ತು. ನನಗೆ ಹಿಡಿಸಿತು. ಇದರಲ್ಲಿ ಹೇಳುವುದು ಇನ್ನೇನೂ ಇಲ್ಲ.

ಲೈಸೆನ್ಸಿಗೆ ಹಾಕಿದೆ. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ನನ್ನನ್ನು ಕೇಳಿದ ಮೇಲೆ ಯಜಮಾನರನ್ನು ಬೇರೆ ಕೂರಿಸಿಕೊಂಡು ಕೇಳಿದರು. ನಿಮ್ಮ ಹೆಂಡತಿಗೆ ಕೋಪ ಬರುತ್ತದೆಯೇ ಅಂತ. ಅದು ಇಲ್ಲಿಯ ಪದ್ಧತಿ. ಮಗಳು ಕನ್ನಡದಲ್ಲಿ ಹೇಳಿದಳು. ಯಜಮಾನರು ಬಹಳ ಹೊತ್ತು ಯೋಚನೆ ಮಾಡಿ, "ಬತ್ತದೆ ಸಾರ್. ಆದ್ರೆ ಬಾಯಲ್ಲೇ ಮುಗ್ದೋಯ್ತದೆ, ಕೈವರ್ಗೂ ಬರಾಕಿಲ್ಲ," ಅಂದರಂತೆ. ಮಗಳು ಅದನ್ನು ಹಾಗೇ ಇಂಗ್ಲಿಷಿಗೆ ಹಾಕಿದಳಂತೆ. ಲೈಸೆನ್ಸು ಬಂತು. ಆದರೆ ಆಮೇಲೆ ಯಜಮಾನರು ಗ್ಯಾರೇಜಿನಲ್ಲಿ ನನ್ನ ಬೆಂಚಿರುವ ಮೂಲೆಗೆ ಕಾಲಿಡಲಿಲ್ಲ. "ವಯಸ್ಸಾದ ಹೆಂಗ್ಸು, ತುಳಸಿ ಪೂಜೆ ಮಾಡ್ಕೊಂಡಿರದು ಬುಟ್ಟು," ಎಂದು ಟೀವಿಗೆ ಹೇಳುತ್ತಿದ್ದರು, ನನಗೆ ಕೇಳುವ ಹಾಗೆ.

ನಾನು ಪ್ರಾಣಿಗೆ ಹೊಡೆಯುವುದಿಲ್ಲ, ಕಾಗದಕ್ಕೆ ಮಾತ್ರ. ರೇಂಜಿನ ಕ್ಲಬ್ಬಿನಲ್ಲಿ ಆಟ ಬಿಟ್ಟವನೊಬ್ಬನಿಂದ ಹಳೆಯ ಬಂದೂಕು ಕೊಂಡೆ. ಕಾಗದಕ್ಕೆಂದೇ ಮಾಡಿಸಿದ್ದು, ಅದರೊಳಗೆ ತೋಟಾ ಕೂರುವ ಜಾಗವನ್ನು ಬಿಗಿಯಾಗಿ ಕೊರೆದಿದ್ದಾರೆ. ಗುರಿ ಚೆನ್ನಾಗಿ ಬರುತ್ತದೆ, ಆದರೆ ಅದಕ್ಕೆ ಹಾಕುವ ತೋಟಾ ಹದವಾಗಿರಬೇಕು. ಹೊಡೆದು ಖಾಲಿಯಾದ ತೋಟಾವನ್ನು ನಾವು ಬಿಸಾಡುವುದಿಲ್ಲ. ತೊಳೆದು, ಬಾಯಿ ಸರಿಮಾಡಿ, ಮತ್ತೆ ಮದ್ದು ಹಾಕಿ, ಮೇಲೊಂದು ಗುಂಡು ಕೂರಿಸುತ್ತೇವೆ. ಇದನ್ನೆಲ್ಲ ಕಲಿಸಿದ್ದು ಆ ಮುದುಕಿಯೇ. ನಿಜ ಹೇಳಬೇಕೆಂದರೆ ಹೊಡೆಯುವುದಕ್ಕಿಂತ ನನಗೆ ಇದೇ ಹೆಚ್ಚು ಹಿಡಿಸಿತು. ಬೆಂಚಿನ ಮುಂದೆ ಕೂತರೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ಮಂಡಿನೋವು ಹೇಗಿದೆ ಅಂತ ಕೇಳುವುದಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ಚಳಿಗಾಲದ ಕೊನೆಯಲ್ಲಿ ಒಂದು ದಿನ ರೇಂಜಿನಲ್ಲಿ ಗುಂಡು ಹೊಡೆದೆ, ಖಾಲಿ ತೋಟಾ ತೆಗೆಯಲು ಬಂದೂಕಿನ ಚಿಲಕ ಎತ್ತಿದರೆ ಏಳಲಿಲ್ಲ. ಸದ್ದೂ ಎಂದಿನ ಹಾಗಿರಲಿಲ್ಲ. ಇನ್ನೊಂದು ಸಲ ಎತ್ತಲು ಹೋದೆ. ಹಿಂದಿನಿಂದ ಮುದುಕಿ "ಕೈ ತೆಗಿ!" ಎಂದು ಕೂಗಿದಳು. ಸಾಲನ್ನೆಲ್ಲ ನಿಲ್ಲಿಸಿದಳು. ಚಿಲಕವನ್ನು ಅವಳೇ ನಿಧಾನವಾಗಿ ಬಿಡಿಸಿ, ತೋಟಾ ತೆಗೆದು, ಅದರ ಕತ್ತನ್ನು, ಅಂದರೆ ಗುಂಡು ಕೂರುವ ಮೇಲ್ತುದಿಯನ್ನು, ಬೆರಳಲ್ಲಿ ತಿರುಗಿಸಿ ನೋಡಿದಳು. ಆಮೇಲೆ ತನ್ನ ಸ್ವೆಟರಿನ ಕತ್ತುಪಟ್ಟಿ ಹಿಡಿದು, ತಲೆ ಹೊರಗೆ ಬಾರದೆ ಒದ್ದಾಡುವವಳ ಹಾಗೆ ಮಾಡಿ ತೋರಿಸಿದಳು. ನನಗೆ ಅರ್ಥವಾಯಿತು. ತೋಟಾವನ್ನು ಮತ್ತೆ ಮತ್ತೆ ಬಳಸಿದರೆ ಹಿತ್ತಾಳೆ ಒತ್ತಡಕ್ಕೆ ಮುಂದೆ ಮುಂದೆ ಸರಿದು ಕತ್ತು ದಪ್ಪವಾಗುತ್ತದೆ. ಬಿಗಿ ಬಂದೂಕಿನೊಳಗೆ ದಪ್ಪ ಕತ್ತು ಹೋದರೆ ಗುಂಡನ್ನು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಒತ್ತಡವೆಲ್ಲ ಒಳಗೇ ಏರುತ್ತದೆ. ಏರಿದರೆ ಬಂದೂಕು ಒಡೆಯಬಹುದು. ಬಂದೂಕಿನ ಹಿಂದೆ ಇರುವುದು ನನ್ನ ಮುಖ.

ಅಳಿಯ ಒಳ್ಳೆಯವನು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮನೆಗೆ ಬಂದು ಯೂಟ್ ನಿಲ್ಲಿಸುವುದರೊಳಗೆ ಮಗಳಿಗೆ ಹೇಳಿದ.

ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕೂಗಾಡುವವಳಲ್ಲ. ಅದೇ ಕಷ್ಟ. ಊಟಕ್ಕೆ ಕೂತಾಗ ತಣ್ಣಗೆ ಶುರುಮಾಡಿದಳು.

"ಅವ್ವ, ಇದು ಸೇಫ್ಟಿ ವಿಷ್ಯ. ಬೇಕಿದ್ರೆ ಅಂಗ್ಡಿ ತೋಟಾ ತಂದು ಹೊಡ್ಕೊ. ಮನೇಲಿ ತುಂಬೋದು ಸಾಕು."

"ಆ ಬಂದೂಕಿಗೆ ಅಂಗ್ಡೀಲಿ ತೋಟಾ ಸಿಗಾಕಿಲ್ಲ."

"ಹಂಗಾದ್ರೆ ಹೊಡಿಯೋದೂ ಸಾಕು."

"ನಿಮ್ಮಪ್ಪ ಬಿ.ಪಿ. ಮಾತ್ರೆ ನುಂಗೋದ್ನ ಮರೀತಾರೆ. ಹಂಗಂತ ಊಟ ನಿಲ್ಸಿದ್ದೀಯಾ?"

"ನನ್ನ್ ಯಾಕ್ ಎಳೀತಿ ಇದ್ರೊಳಕ್ಕೆ?" ಎಂದರು ಯಜಮಾನರು, ಮುದ್ದೆ ಮುರಿಯುತ್ತ.

ಬಹಳ ಹೊತ್ತು ಆಡಿದ ಮೇಲೆ ಮಗಳು ಒಂದು ಮಾತಿಗೆ ಬಂದಳು. "ಸರಿ. ಕತ್ತಿನ ದಪ್ಪ ಅಳಿಯೋಕೆ ಸರಿಯಾದ ಸಾಮಾನು ತಗೊ. ಆಯುಧಪೂಜೆ ಮುಗಿದ ಭಾನುವಾರ ನನ್ನ ಕಣ್ಣೆದುರಿಗೆ ಒಂದೊಂದ್ನೂ ಅಳೆದು ತೋರ್ಸು. ಅಳತೆ ನಂಬೋ ಹಂಗಿದ್ರೆ ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಬೆಂಚು ಖಾಲಿ. ಬಂದೂಕು ಕ್ಲಬ್ಬಿಗೆ ವಾಪಸ್."

ಆಯಿತು ಅಂದೆ. ನನಗೂ ಮುಖ ಬೇಕು.

ಅಂದು ಸಂಜೆಯೇ ಅಳಿಯ ಎರಡು ದವಡೆಯ ನಡುವೆ ಹಿಡಿದು ಅಳೆಯುವ ತನ್ನ ಕ್ಯಾಲಿಪರ್ ತಂದುಕೊಟ್ಟ. ಗಾಜಿನ ಕಿಟಕಿಯಲ್ಲಿ ಅಂಕಿ ಬರುವಂಥದ್ದು. "ಅತ್ತೆ, ಇದ್ರಲ್ಲೇ ಅಳೀರಿ, ಹೊಸದ್ಯಾಕೆ?" ಎಂದ. ಒಂದು ತೋಟಾದ ಕತ್ತನ್ನು ಒಂದೇ ಕಡೆ ಮೂರು ಸಲ ಹಿಡಿದೆ. ಮೂರು ಸಲಕ್ಕೂ ಬೇರೆ ಬೇರೆ ಅಂಕಿ. ಅದರ ದವಡೆ ಚಪ್ಪಟೆ, ಕತ್ತಿನ ಒಳಮೈ ದುಂಡಗೆ. ದುಂಡಗಿನ ಬಾವಿಗೆ ಹಲಗೆ ಇಳಿಸಿದ ಹಾಗೆ, ಎರಡು ಅಂಚು ತಗಲುತ್ತದೆ, ನಡುವೆ ತಗಲುವುದಿಲ್ಲ. ವಾಪಸು ಕೊಟ್ಟೆ.

ಮಾರನೆಯ ವಾರ ಮುದುಕಿಯ ಮನೆಗೆ ಹೋದೆ. ಅವಳು ಅಡುಗೆಮನೆಯ ಮೇಜಿನ ಮೇಲೆ ಟೀ ಕಪ್ಪುಗಳ ಪಕ್ಕದಲ್ಲಿ ಎರಡು ಸಾಮಾನು ಇಟ್ಟಳು. ಒಂದು ಮೈಕ್ರೋಮೀಟರು. ತಿರುಪು ತಿರುಗಿಸುವಂಥದ್ದು, ಒಳಗೆ ಹೋಗುವ ತುದಿ ಸಾಸಿವೆ ಕಾಳಿನ ಹಾಗೆ ದುಂಡಗಿದೆ, ಅದಕ್ಕೇ ಕತ್ತಿನ ಒಳಮೈಗೆ ಸರಿಯಾಗಿ ಕೂರುತ್ತದೆ. ಅವಳು ಜೀವಮಾನವೆಲ್ಲ ಬಳಸಿದ್ದು ಇದೇ. "ಇದು ಸುಳ್ಳು ಹೇಳುವುದಿಲ್ಲ," ಅಂದಳು. ಹಿಡಿದು ನೋಡಿದೆ. ಒಂದು ಕೈಗೆ ತೋಟಾ, ಒಂದು ಕೈಗೆ ಉಪಕರಣ, ತಿರುಪಿಗೆ ಮೂರನೆಯ ಕೈ ಬೇಕು. ಸ್ವಲ್ಪ ಜಾಸ್ತಿ ತಿರುಗಿಸಿದರೆ ಹಿತ್ತಾಳೆ ಮೆತ್ತಗೆ, ಒತ್ತಿಕೊಳ್ಳುತ್ತದೆ. ಕಡಿಮೆ ತಿರುಗಿಸಿದರೆ ಸಡಿಲ. ಗೆರೆಗಳೋ ಇರುವೆಯ ಕಾಲು. ನನ್ನ ಕನ್ನಡಕ ಹಾಕಿದೆ, ಅವಳ ಕನ್ನಡಕ ಅದರ ಮೇಲೆ ಹಾಕಿದೆ. ಆಮೇಲೆ ಕಂಡಿತು.

"ಅಭ್ಯಾಸವಾಗುತ್ತದೆ," ಅಂದಳು ಮುದುಕಿ.

"ನಿನಗೆ ಆಗೋಕೆ ಎಷ್ಟು ವರ್ಷ ಬೇಕಾಯ್ತು?" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದಳು.

ಎರಡನೆಯದು ಅವಳ ಗಂಡ ಬಿಟ್ಟುಹೋದದ್ದು, ಡಯಲ್ ಗೇಜು. ಒಂದು ಪೀಠ, ಅದರಿಂದ ಅಡ್ಡಲಾಗಿ ಹೊರಟ ಉಕ್ಕಿನ ಕಡ್ಡಿ. ತೋಟಾದ ಕತ್ತನ್ನು ಆ ಕಡ್ಡಿಗೆ ಬುಡದವರೆಗೆ ತೂರಿಸಬೇಕು. ಮೇಲಿನಿಂದ ಒಂದು ಸಣ್ಣ ಮೂತಿ ಇಳಿದು ಕತ್ತಿನ ಮೇಲೆ ಕೂರುತ್ತದೆ. ಕಡ್ಡಿಗೂ ಮೂತಿಗೂ ನಡುವೆ ಸಿಕ್ಕಿದ ಹಿತ್ತಾಳೆ ಎಷ್ಟು ದಪ್ಪ ಅಂತ ಗಡಿಯಾರದ ಹಾಗಿರುವ ಮುಖದಲ್ಲಿ ಮುಳ್ಳು ತೋರಿಸುತ್ತದೆ. ತೋಟಾವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದೆ. ಮುಳ್ಳು ಎರಡು ಗೆರೆ ಈ ಕಡೆ ಬಂತು, ಎರಡು ಗೆರೆ ಆ ಕಡೆ ಹೋಯಿತು. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ರೊಟ್ಟಿ ತಟ್ಟುವಾಗ ಒಂದು ಅಂಚು ದಪ್ಪ ಉಳಿದರೆ ಅಂಗೈಗೆ ಗೊತ್ತಾಗುವ ಹಾಗೆ, ಇಲ್ಲಿ ಕಣ್ಣಿಗೆ ಗೊತ್ತಾಯಿತು. ಇದೇ ಬೇಕು ಅಂದುಕೊಂಡೆ.

ಮುದುಕಿ ತಲೆಯಾಡಿಸಿದಳು. "ನಾನು ಅದನ್ನು ನಂಬುವುದಿಲ್ಲ. ಕಡ್ಡಿಗೆ ಒಂದು ಕೂದಲು ಸಿಕ್ಕಿಕೊಂಡರೂ ಮುಳ್ಳು ಸುಳ್ಳು ಹೇಳುತ್ತದೆ. ನನ್ನ ಗಂಡನ ಹಾಗೆ, ನೋಡೋಕೆ ಚೆಂದ." ಅದಕ್ಕೂ ಮೇಲೆ ಅವಳದು ಹಳೆಯದಾಗಿ ಮುಳ್ಳು ಅಲ್ಲಲ್ಲಿ ತಡೆಯುತ್ತಿತ್ತು. ಕೊಳ್ಳುವುದಾದರೆ ಹೊಸದು ಕೊಳ್ಳಬೇಕು.

ಊರಾಚೆಯ ಬಂದೂಕಿನ ಅಂಗಡಿಗೆ ಅಳಿಯ ಕರೆದುಕೊಂಡು ಹೋದ. ನಾನು ಕೇಳಿದೆ, ಅಂಗಡಿಯ ಹುಡುಗ ಅಳಿಯನಿಗೆ ಉತ್ತರ ಕೊಟ್ಟ. ಇನ್ನೊಂದು ಕೇಳಿದೆ, ಅದಕ್ಕೂ ಅಳಿಯನಿಗೇ ಉತ್ತರ. ಮೂರನೆಯ ಸಲ ಕೌಂಟರಿನ ಮೇಲೆ ಅಂಗೈ ಇಟ್ಟು, "ಐ ಆ್ಯಮ್ ಕಸ್ಟಮರ್. ಹೀ ಈಸ್ ಡ್ರೈವರ್," ಎಂದೆ. ಅಳಿಯ ಒಂದು ಹೆಜ್ಜೆ ಹಿಂದೆ ಸರಿದು ಕಾರಿನ ಕೀ ಎತ್ತಿ ತೋರಿಸಿದ. ಅದಕ್ಕೇ ಅವನು ನನಗೆ ಇಷ್ಟ.

ಹುಡುಗ ಆಮೇಲೆ ನನ್ನ ಕಡೆ ತಿರುಗಿದ. ಆದರೆ ಅವನಿಗೂ ಅಂಕಿ ಬರುವ ಡಿಜಿಟಲ್ಲನ್ನೇ ಮಾರುವ ಆಸೆ. ನೋಡಿ, ಓದುವುದು ಸುಲಭ, ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು ಅಂದ. ಅದೂ ಇದೇ ಥರದ್ದೇ, ಪೀಠ, ಕಡ್ಡಿ, ಮೂತಿ ಎಲ್ಲ ಇದೆ, ಮುಳ್ಳಿನ ಬದಲು ಅಂಕಿ. ಅಳಿಯನೂ ಹಿಂದಿನಿಂದ, "ಅತ್ತೆ, ಅದೇ ಒಳ್ಳೇದು, ಹೆಚ್ಚೂಕಮ್ಮಿ ಇಲ್ದೆ ನೇರ ನಂಬರ್ ಹೇಳ್ತದೆ," ಅಂದ.

ನನಗೆ ಬೇಡವಾಗಿದ್ದು ಆ ಹೇಳುವುದೇ. ಊರಿನ ಸೊಸೈಟಿಯಲ್ಲಿ ಹಾಲು ಅಳೆಯುವವನೊಬ್ಬನಿದ್ದ. ಗಾಜಿನ ಕೊಳವೆ ಹಾಲಿಗೆ ಅದ್ದಿ, ತನ್ನ ಕಡೆಗೇ ತಿರುಗಿಸಿಕೊಂಡು ನೋಡಿ, ಬಾಯಲ್ಲಿ ಒಂದು ಅಂಕಿ ಹೇಳುತ್ತಿದ್ದ. ಹೇಳಿದ್ದೇ ಅಳತೆ. ತೋರಿಸು ಅಂದರೆ, ನೋಡಿದ್ರೆ ನಿನಗೇನ್ ಗೊತ್ತಾಯ್ತದೆ ಅನ್ನುತ್ತಿದ್ದ. ಒಂದು ದಿನ ಕೊಳವೆ ಕಿತ್ತುಕೊಂಡು ನಾನೇ ಅದ್ದಿ ನೋಡಿದೆ. ಗೊತ್ತಾಯಿತು. ಡಿಜಿಟಲ್ಲು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಅಂಕಿ ಹೇಳಿ ಸುಮ್ಮನಾಗುತ್ತದೆ, ತೋಟಾ ತಿರುಗಿಸಿದರೆ ಅಂಕಿಗಳು ಒಂದರ ಮೇಲೊಂದು ಬಿದ್ದು ಓಡುತ್ತವೆ, ಯಾವುದು ಮೊದಲು ಬಂತು ಯಾವುದು ಆಮೇಲೆ ಅಂತ ನನ್ನ ಕಣ್ಣಿಗೆ ಹತ್ತುವುದಿಲ್ಲ. ಮುಳ್ಳಾದರೆ ನಡೆದು ಹೋಗುತ್ತದೆ, ನಡೆದು ಬರುತ್ತದೆ. ಮುದುಕಿ ಮೈಕ್ರೋಮೀಟರು ಅಂದಳು, ಅಳಿಯ ಡಿಜಿಟಲ್ಲು ಅಂದ, ಯಜಮಾನರು ಯಾವುದೂ ಬೇಡ ಅಂದರು. ನಾನು ಮುಳ್ಳಿನದು ಕೊಂಡೆ. ನನ್ನ ದುಡ್ಡು, ನನ್ನ ಕಣ್ಣು.

ಮನೆಗೆ ತಂದು ಕೂತು ಪಳಗಿಸಿಕೊಂಡೆ. ಖಾಲಿ ಕಡ್ಡಿಯ ಮೇಲೆ ಮೂತಿ ಇಳಿಸಿದರೆ ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು, ಪ್ರತಿ ಸಲ ಅದನ್ನು ನೋಡಿಯೇ ಶುರುಮಾಡಬೇಕು. ಹಳೆಯ ತೋಟಾಗಳನ್ನು ಒಂದಷ್ಟು ಅಳೆದೆ, ಕೈ ಕೂತಿತು. ಭಾನುವಾರಕ್ಕೆ ನಾನು ತಯಾರು.

ಆಯುಧಪೂಜೆ ಬಂತು. ಇಲ್ಲಿ ಅದು ವಸಂತದಲ್ಲಿ ಬರುತ್ತದೆ, ಮಳೆಯೂ ಬಿಡುವುದಿಲ್ಲ. ನಾನು ಅಡುಗೆಮನೆಯಲ್ಲಿ ಪೊಂಗಲ್ಲಿಗೆ ನಿಂತಿದ್ದೆ. ಪೂಜೆ ಯಜಮಾನರದು. ಕಂಡಕ್ಟರಾಗಿದ್ದಾಗ ಡಿಪೋದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟಿ, ಸ್ಟಿಯರಿಂಗಿನಿಂದ ಟಿಕೆಟ್ ಚೀಲದವರೆಗೆ ಗಂಧ ಕುಂಕುಮ ಇಟ್ಟ ಮನುಷ್ಯ. ಆ ದಿನ ಮಾತ್ರ ಟೀವಿ ಬಿಟ್ಟು ಏಳುತ್ತಾರೆ. ಯೂಟಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಹುಲ್ಲು ಕತ್ತರಿಸುವ ಮಿಷನ್ನಿಗೆ, ಮಿಕ್ಸಿಗೆ, ಮಗಳ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟರು. ಬೂದುಗುಂಬಳ ಸಿಕ್ಕದೆ ಸೂಪಿಗೆ ಹಾಕುವ ಕುಂಬಳಕಾಯಿ ಒಡೆದರು. ಆಚೆಮನೆಯವನು ಬೇಲಿಯ ಮೇಲಿಂದ ನೋಡಿ, ಒಳಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದು ಮತ್ತೆ ನೋಡಿದ.

ಪೊಂಗಲ್ಲು ಇಳಿಸಿ ಗ್ಯಾರೇಜಿಗೆ ಹೋದರೆ ನನ್ನ ಬೆಂಚಿಗೂ ಪೂಜೆಯಾಗಿತ್ತು. ತೋಟಾ ಒತ್ತುವ ಪ್ರೆಸ್ಸಿಗೆ ಒಂದು ಸೇವಂತಿಗೆ, ತಕ್ಕಡಿಗೆ ಒಂದು, ಹೊಸ ಗೇಜಿನ ಗಾಜಿನ ಮುಖಕ್ಕೆ ಒಂದು ಕುಂಕುಮದ ಬೊಟ್ಟು. ಅಷ್ಟು ದಿನ ಕಾಲಿಡದಿದ್ದ ಮೂಲೆಗೆ ಕಾಲಿಟ್ಟಿದ್ದರು. ಅವರ ಪೊಂಗಲ್ಲಿಗೆ ತುಪ್ಪ ಒಂದು ಚಮಚ ಹೆಚ್ಚು ಹಾಕಿದೆ.

ಪೂಜೆಗೆ ಇಟ್ಟ ಸಾಮಾನನ್ನು ಪದ್ಧತಿಯ ಪ್ರಕಾರ ಎತ್ತುವವರೆಗೆ ಮುಟ್ಟಬಾರದು. ಮುಟ್ಟಲಿಲ್ಲ. ಭಾನುವಾರ ಬೆಳಿಗ್ಗೆ ಹೂವು ತೆಗೆದೆ, ಗಾಜಿನ ಕುಂಕುಮ ಒರೆಸಿದೆ. ಮಗಳು ಕಾಫಿ ಲೋಟ ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ಅವಳ ಹಿಂದೆ ಅಳಿಯ, ಎರಡು ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು. ಬೆಂಚು ಖಾಲಿ ಮಾಡುವುದಕ್ಕೆ.

"ಪೆಟ್ಟಿಗೆ ಆಗ್ಲೇ ತಂದ್ರಾ? ಉಸಿರು ಹೋಗೋಕೆ ಮುಂಚೆ ಚಟ್ಟ ಕಟ್ದಂಗಾಯ್ತು," ಅಂದೆ.

"ನಂಗೇನೂ ಗೊತ್ತಿಲ್ಲ ಅತ್ತೆ, ಹಿಡ್ಕೊ ಅಂದ್ಳು, ಹಿಡ್ಕೊಂಡಿದ್ದೀನಿ," ಎಂದ ಅಳಿಯ.

ಮಗಳು ಜೇಬಿನಿಂದ ಒಂದು ತೋಟಾ ತೆಗೆದಳು. ಅದರ ಹೊಟ್ಟೆಯ ಮೇಲೆ ಕಪ್ಪು ಇಂಕಿನ ಗುರುತು. ನನಗೆ ಹೇಳದೆ ಮುದುಕಿಯ ಹತ್ತಿರ ಹೋಗಿ ತಂದಿದ್ದಳು. ಮುದುಕಿ ತನ್ನ ಮೈಕ್ರೋಮೀಟರಿನಲ್ಲಿ ಅಳೆದು, ದಪ್ಪ ಸರಿಯಾಗಿದೆ ಅಂತ ಗುರುತು ಹಾಕಿದ ತೋಟಾ. "ಲ್ಯಾಬಲ್ಲಿ ನಾವು ಮೊದ್ಲು ಗೊತ್ತಿರೋದನ್ನ ಅಳೀತೀವಿ ಅವ್ವ. ಅದು ಸರಿ ಬಂದ್ರೆ ಮಾತ್ರ ಗೊತ್ತಿಲ್ದಿದ್ದನ್ನ. ಆದ್ರೆ ಉತ್ರ ಮೊದ್ಲೇ ಗೊತ್ತಿದ್ರೆ ನಿನ್ನ ಕಣ್ಣು ಅದನ್ನೇ ಓದತ್ತೆ, ಅದಕ್ಕೇ ನೀನು ನಿಂದು ಮೊದ್ಲು ಅಳಿ, ಇದನ್ನ ಆಮೇಲೆ ಕೊಡ್ತೀನಿ."

ಸೊನ್ನೆ ನೋಡಿದೆ. ಮುಳ್ಳು ಸೊನ್ನೆಯಲ್ಲೇ ಇತ್ತು. ಮೊದಲನೆಯ ತೋಟಾ ತೂರಿಸಿದೆ. ದಪ್ಪ. ಎರಡನೆಯದು, ದಪ್ಪ. ಹಿಂದಿನ ವಾರ ನಾನೇ ಅಳೆದು ಸರಿ ಅಂತ ಬೇರೆ ಇಟ್ಟಿದ್ದವನ್ನು ಎತ್ತಿಕೊಂಡೆ. ಅವೂ ದಪ್ಪ. ತಿರುಗಿಸಿದರೆ ಮುಳ್ಳು ನಡೆಯುತ್ತಿರಲಿಲ್ಲ, ಕುಂಟುತ್ತಿತ್ತು. ಒಂದೊಂದೇ ತೋಟಾ ಎಡಗಡೆಯ ತಟ್ಟೆಗೆ, ಅಂದರೆ ಬೇಡದ ತಟ್ಟೆಗೆ ಬೀಳುತ್ತಾ ಹೋಯಿತು. ಬಲಗಡೆಯ ತಟ್ಟೆ ಹಾಗೇ ಹೊಳೆಯುತ್ತಿತ್ತು.

ಮಗಳು ಗುರುತಿನ ತೋಟಾ ಕೊಟ್ಟಳು. ತೂರಿಸಿದೆ. ಅದನ್ನೂ ಮುಳ್ಳು ದಪ್ಪ ಅಂದಿತು.

"ನೋಡಿದ್ಯಾ," ಅಂದಳು ಮಗಳು. ಗೆದ್ದವಳ ಧ್ವನಿಯಲ್ಲ, ಅದು ಇನ್ನೂ ಕೆಟ್ಟದಾಗಿತ್ತು. "ನಿನ್ನ ತೋಟಾ ಸರಿಯಿಲ್ವೋ ಸಾಮಾನೇ ಸರಿಯಿಲ್ವೋ ಅಂತ್ಲೇ ಗೊತ್ತಾಗ್ತಿಲ್ಲ. ಇದನ್ನ ನಂಬ್ಕೊಂಡು ನೀನು ಮುಖದ ಹತ್ರ ಇಟ್ಕೊಂಡು ಹೊಡೀತೀಯಾ?"

ಅಳಿಯ ಪೆಟ್ಟಿಗೆಯನ್ನು ನೆಲಕ್ಕೆ ಇಟ್ಟ. ಹುಷಾರಾಗಿ, ಸದ್ದಾಗದ ಹಾಗೆ.

"ನಿಲ್ಲು," ಅಂದೆ. "ಗೊತ್ತಾಯ್ತಿಲ್ಲ ಅಂತ ಯಾಕಂತೀಯ? ಗುರುತಿಂದು ಸರಿ ಅಂತ ಆಯಮ್ಮ ಹೇಳವ್ಳೆ. ಅದೂ ದಪ್ಪ ಅಂತ ತೋರಿಸ್ತು ಅಂದ್ರೆ ಕೆಟ್ಟಿರೋದು ಸಾಮಾನು. ತೋಟಾ ಅಲ್ಲ. ಹೋದ್ವಾರ ಇದೇ ಸಾಮಾನು ಸರಿಯಾಗಿತ್ತು. ನಡುವೆ ಏನೋ ಆಗದೆ."

"ಅದೇ ಅವ್ವ, ವಾರಕ್ಕೊಂದು ಸಲ ಕೆಡೋ ಸಾಮಾನನ್ನ—"

"ತಾನಾಗಿ ಕೆಡಕೆ ಅದೇನು ಹಾಲಾ? ಯಾರು ಮುಟ್ಟಿದ್ದು ಇದ್ನ?"

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಯಜಮಾನರು ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅಮ್ಮಿ," ಅಂದರು, "ನಾನು ಪೂಜೆ ದಿನ ಅದ್ಕೂ ವಸಿ ಗಂಧ ಇಟ್ಟಿದ್ದೆ."

"ಕುಂಕುಮ ಒರೆಸಿದ್ದೀನಲ್ಲ."

"ಕುಂಕುಮ ಗಾಜಿಗೆ. ಗಂಧ ಒಳಗಡೆ. ಕೆಲ್ಸ ಮಾಡೋ ಜಾಗಕ್ಕೆ ಪೂಜೆ ಆಗ್ದಿದ್ರೆ ಪೂಜೆ ಹೆಂಗಾಯ್ತದೆ? ಆದ್ರೆ ಆ ಮೂತಿ ಮುಟ್ಟೋ ಕಡೆ ಇಡ್ಲಿಲ್ಲ ಕಣಮ್ಮಿ, ನಾನೇನ್ ದಡ್ಡನಾ? ನಿಂಗೆ ತೊಂದ್ರೆ ಆಗ್ಬಾರ್ದು ಅಂತ ಕಡ್ಡಿ ಬುಡಕ್ಕೆ ಇಟ್ಟೆ."

ಕಡ್ಡಿಯ ಬುಡಕ್ಕೆ ಬೆರಳು ಹಾಕಿದೆ. ಮೇಲ್ಭಾಗದಲ್ಲಿ, ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ಸಿಗುವಷ್ಟು ಉಬ್ಬು. ಗಂಧ ಒಣಗಿ ಕಲ್ಲಾಗಿತ್ತು. ಖಾಲಿ ಕಡ್ಡಿಯ ಮೇಲೆ ಮೂತಿ ಇಳಿಯುವುದು ಮುಂದುಗಡೆ, ಅದಕ್ಕೇ ಸೊನ್ನೆ ಸರಿಯಾಗಿತ್ತು. ತೋಟಾ ತೂರಿಸಿದರೆ ಅದರ ಬಾಯಿ ಬುಡದವರೆಗೆ ಹೋಗಿ ಗಂಧದ ಮೇಲೆ ಹತ್ತಿ ಕೂರುತ್ತಿತ್ತು, ಕತ್ತು ಎದ್ದು ನಿಲ್ಲುತ್ತಿತ್ತು. ಎಷ್ಟು ಎದ್ದಿತೋ ಅಷ್ಟೂ ದಪ್ಪ ಅಂತ ಮುಳ್ಳು ತೋರಿಸುತ್ತಿತ್ತು. ಒಂದು ಕೂದಲು ಸಾಕು ಅಂದಿದ್ದಳು ಮುದುಕಿ. ಇಲ್ಲಿ ಇಡೀ ದೇವಸ್ಥಾನವೇ ಕೂತಿತ್ತು.

"ನಲವತ್ತೈದು ವರ್ಷ ಆಯ್ತು ಮದ್ವೆ ಆಗಿ," ಎಂದೆ. "ನನ್ನ ಯಾವ ಕೆಲ್ಸಕ್ಕೂ ಕೈ ಹಾಕ್ದವರಲ್ಲ. ಇದಕ್ಕೇ ಹಾಕ್ಬೇಕಾಗಿತ್ತಾ?"

"ಒಳ್ಳೇದಾಗ್ಲಿ ಅಂತ ಮಾಡ್ದೆ."

"ಒಳ್ಳೇದು ಮಾಡೋರು ಕೇಳಿ ಮಾಡ್ಬೇಕು."

ಅಳಿಯ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಮಗಳು ನಗಲಿಲ್ಲ. ಸ್ಪಿರಿಟ್ ಬಾಟಲಿ ತಂದು, ಹತ್ತಿ ಅದ್ದಿ ಕೊಟ್ಟಳು. "ಒರ್ಸು. ಮತ್ತೆ ಮೊದ್ಲಿಂದ. ಈ ಸಲ ಗುರುತಿಂದು ಮೊದ್ಲು," ಅಂದಳು. ಅವಳ ಲ್ಯಾಬಿನ ಬುದ್ಧಿ ಸರಿಯಾದದ್ದೇ. ಆ ಗುರುತಿನ ತೋಟಾ ಇಲ್ಲದಿದ್ದರೆ ನಾನು ಒಳ್ಳೆಯ ತೋಟಾಗಳನ್ನೆಲ್ಲ ಬಿಸಾಕಿ ಬೆಂಚನ್ನೂ ಬಿಟ್ಟುಕೊಡುತ್ತಿದ್ದೆನೋ ಏನೋ. ಇದನ್ನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇಲ್ಲಿ ಬರೆದಿದ್ದನ್ನು ಓದಿದರೆ ಓದಿಕೊಳ್ಳಲಿ.

ಒರೆಸಿದೆ. ಸೊನ್ನೆ ನೋಡಿದೆ. ಗುರುತಿನದು ತೂರಿಸಿದೆ. ಮುಳ್ಳು ಬಂದು ಮುದುಕಿ ಹೇಳಿದ ಗೆರೆಯ ಮೇಲೆ ನಿಂತಿತು. ಮಗಳು ಬಗ್ಗಿ, ಮೂಗು ಗಾಜಿಗೆ ತಗಲುವಷ್ಟು ಹತ್ತಿರದಿಂದ ನೋಡಿದಳು. ತಾನೇ ತಿರುಗಿಸಿದಳು. ಮುಳ್ಳು ಅರ್ಧ ಗೆರೆ ಆ ಕಡೆ ನಡೆದು ವಾಪಸು ಬಂತು.

"ಇದನ್ನ ನೋಡೋಕೆ ಆಗತ್ತೆ," ಎಂದಳು.

"ಅದಕ್ಕೇ ತಗೊಂಡಿದ್ದು."

ಎಡಗಡೆಯ ತಟ್ಟೆಯಿಂದ ಒಂದೊಂದೇ ಎತ್ತಿ ಮತ್ತೆ ಅಳೆದೆ. ಹೆಚ್ಚಿನವು ಬಲಕ್ಕೆ ಬಂದವು. ಆದರೆ ಎಲ್ಲವೂ ಅಲ್ಲ. ಒಂದು ಹಿಡಿಯಷ್ಟು ನಿಜವಾಗಿಯೂ ದಪ್ಪವಾಗಿದ್ದವು. ಅವೇ ನಾನು ಮೊದಲಿನಿಂದ ಬಳಸುತ್ತಿದ್ದವು, ಕ್ಲಬ್ಬಿನಲ್ಲಿ ಮೊದಲ ಸಲ ಹತ್ತು ಗುಂಡನ್ನೂ ಕಪ್ಪು ವೃತ್ತದೊಳಗೆ ಹಾಕಿದಾಗ ಇದ್ದವು. ಒಂದು ತೋಟಾ ಬಹಳ ಹೊತ್ತು ಕಾಡಿತು, ಒಂದು ಬದಿಯಲ್ಲಿ ಸರಿ, ಇನ್ನೊಂದು ಬದಿಯಲ್ಲಿ ಗೆರೆಯ ಅಂಚಿಗೆ. ಮಗಳು ನನ್ನನ್ನೇ ನೋಡುತ್ತಿದ್ದಳು, ಮುಳ್ಳನ್ನಲ್ಲ. ನಾನು ಇಕ್ಕಳ ತೆಗೆದುಕೊಂಡು ಅದರ ಕತ್ತನ್ನು ಅಮುಕಿ ಚಪ್ಪಟೆ ಮಾಡಿ ಎಡಕ್ಕೆ ಹಾಕಿದೆ. ಉಳಿದ ದಪ್ಪದವನ್ನೂ ಹಾಗೇ ಮಾಡಿದೆ. ಚಪ್ಪಟೆ ಮಾಡಿದರೆ ಕೈತಪ್ಪಿಯೂ ಬಳಸಲು ಬರುವುದಿಲ್ಲ.

"ಅದು ಅಂಚಲ್ಲಿತ್ತಲ್ಲ ಅವ್ವ. ಇಟ್ಕೋತೀಯ ಅಂದ್ಕೊಂಡೆ."

"ಇಟ್ಕೊಂಡು ಏನು, ಉಪ್ಪಿನಕಾಯಿ ಹಾಕ್ಲಾ?"

ಮಗಳು ಎದ್ದಳು. ಕಾಫಿ ಆರಿಹೋಗಿತ್ತು, ಕುಡಿದಿರಲಿಲ್ಲ. ಬಾಗಿಲ ಹತ್ತಿರ ಹೋಗಿ, "ದಪ್ಪ ಕತ್ತನ್ನ ಹೊರಗಡೆಯಿಂದ ಕೆರೆದು ತೆಳ್ಳಗೆ ಮಾಡೋ ಸಾಮಾನೂ ಇದ್ಯಂತಲ್ಲ, ಆಕೆ ಹೇಳ್ತಿದ್ರು," ಎಂದಳು.

"ಇದೆ. ಅದಕ್ಕೆ ಬೇರೆ ಜಗಳ ಆಡಣ. ಒಂದೇ ದಿನ ಎರಡು ಬ್ಯಾಡ."

"ಸೊನ್ನೆ ನೋಡ್ದೆ, ಗುರುತಿಂದು ಅಳೀದೆ, ಒಂದು ತೋಟಾನೂ ತುಂಬಂಗಿಲ್ಲ."

"ಹೂಂ ಕಣವ್ವ. ಹೋಗು, ಕಾಫಿ ಬಿಸಿ ಮಾಡ್ಕೊ."

ಅವಳು ಹೋದಳು. ಯಜಮಾನರು ಮಾತ್ರ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಬೆಂಚಿನ ಹತ್ತಿರ ಬಂದು, ಕೈ ಹಿಂದೆ ಕಟ್ಟಿಕೊಂಡು, ಮುಳ್ಳಿನ ಮುಖ ನೋಡಿದರು. "ಮುಂದಿನ ಸಲ ಎಲ್ಲಿ ಇಡ್ಲಿ ಗಂಧ?" ಎಂದು ಕೇಳಿದರು.

"ಡಬ್ಬಿ ಮುಚ್ಚಳದ ಮ್ಯಾಲೆ. ಒಳಕ್ಕೆ ಬೆರಳು ಬಂದ್ರೆ ಇಕ್ಕಳ ಇಲ್ಲೇ ಅದೆ."

"ಆ ಪೊಲೀಸ್ನೋರಿಗೆ ನಾನು ಕೈವರ್ಗೂ ಬರಾಕಿಲ್ಲ ಅಂತ ಹೇಳಿದ್ದೆ," ಅಂದುಕೊಂಡು ಹೋದರು.

ಶನಿವಾರ ರೇಂಜಿಗೆ ಹೋದೆ. ಬಲಗಡೆಯ ತಟ್ಟೆಯ ತೋಟಾಗಳು. ಹೊಡೆದ ಮೇಲೆ ಚಿಲಕ ಒಂದೇ ಬೆರಳಿಗೆ ಎದ್ದಿತು. ಮುದುಕಿ ಹಿಂದಿನಿಂದ ನೋಡುತ್ತಿದ್ದಳು. ಗಂಧದ ಕಥೆಯನ್ನು ಅಳಿಯ ಆಗಲೇ ಹೇಳಿದ್ದ, ಅವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವಲ್ಲ. "ಮೈಕ್ರೋಮೀಟರು ಕೊಂಡಿದ್ದರೆ ಹೀಗಾಗುತ್ತಿರಲಿಲ್ಲ," ಎಂದಳು. "ನಿನ್ನ ಮೈಕ್ರೋಮೀಟರು ನನ್ನ ಗಂಡನ ಕೈಗೆ ಒಂದು ದಿನ ಕೊಡು, ಆಮೇಲೆ ಮಾತಾಡು," ಎಂದೆ. ಅವಳಿಗೆ ನನ್ನ ಇಂಗ್ಲಿಷು ಪೂರ್ತಿ ಅರ್ಥವಾಯಿತು.

ಆ ಎರಡು ರಟ್ಟಿನ ಪೆಟ್ಟಿಗೆ ಗ್ಯಾರೇಜಿನಲ್ಲೇ ಉಳಿದಿದ್ದವು. ಯಾರೂ ತೆಗೆಯಲಿಲ್ಲ. ಬೇಕಾದರೆ ಮತ್ತೆ ಬಳಸಬಹುದು ಅಂತ ಇಟ್ಟಿದ್ದರೋ, ಮರೆತಿದ್ದರೋ. ರೇಂಜಿನಿಂದ ಬಂದವಳು ಅವನ್ನು ನೆಲಕ್ಕೆ ಹಾಕಿ, ಮಂಡಿ ನೋಯುತ್ತಿದ್ದರೂ ಮೇಲೆ ಹತ್ತಿ ನಿಂತು, ಚಪ್ಪಟೆಯಾಗುವವರೆಗೆ ತುಳಿದೆ. ಹೊರಗೆ ಮಳೆ ಸಣ್ಣಗೆ ಹನಿಯುತ್ತಿತ್ತು. ರೀಸೈಕಲ್ ಬಿನ್ನಿನ ಮುಚ್ಚಳ ಎತ್ತಿ ಎರಡನ್ನೂ ಒಳಗೆ ತುರುಕಿದೆ. ಒಳಗೆ ಬಂದು ಕೈ ಒರೆಸಿಕೊಂಡು, ಬೆಂಚಿನ ಮುಂದೆ ಕೂತು, ಮುಳ್ಳು ಸೊನ್ನೆಯಲ್ಲಿದೆಯೇ ಅಂತ ನೋಡಿದೆ.